ಬಜ್ಜಿಗೆ ಬೆನ್ನು ತೋರಿಸುವ ಮಾವ

ಮೂರು ತಿಂಗಳ ಮಗುವಿನ ದೀಕ್ಷಾಸ್ನಾನದ ಊಟಕ್ಕೆ ಮಿರ್ಚಿ ಬಜ್ಜಿ ಹೇಳಿಟ್ಟಾಗಿನಿಂದ ಸುಕೃತಾಳಿಗೆ ಒಂದೇ ಚಿಂತೆ: ಮಾವ ಪಂಕ್ತಿ ಬಿಟ್ಟು ಓಡಿಬಿಟ್ಟರೆ? ಚರ್ಚ್ ಸಭೆಯ ಹಿರಿಯರಾದ ಮಾವ ದೇವದಾನಪ್ಪನವರು ಅಂಥವರೇ. ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಬಜ್ಜಿ ಬಾಣಲೆ ಕಂಡರೆ ಮೂಗಿಗೆ ಟವೆಲು ಸುತ್ತಿ, “ತೊಲಗಲೇ ಸೈತಾನಾ!” ಎಂದು ಗದರುತ್ತಾರೆ, ತನಗೇ ಅಂದರೆಂದು ಕಂಡಕ್ಟರ್ ಮುನಿಸಿಕೊಳ್ಳುತ್ತಾನೆ. ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕದವರು ಬಜ್ಜಿ ಪೊಟ್ಟಣ ಬಿಚ್ಚಿದರೆ ನಡುದಾರಿಯಲ್ಲೇ ಇಳಿದು, ಬೈಬಲ್ ಬಗಲಲ್ಲಿಟ್ಟು ನಡೆದುಬಿಡುತ್ತಾರೆ. ಸುಕೃತಾ ಇದನ್ನು ಹೇಳಿ ನಕ್ಕಾಗ ಅತ್ತೆ ಮೆಲ್ಲಗೆ ಅಂದರು: “ನಗಬ್ಯಾಡವ್ವ. ಕುಡಿಯೋ ಕಾಲಕ್ಕ ದಿನಾ ಬಾಟ್ಲಿ ಜೊತಿ ಬಜ್ಜಿ ಇರ್ತಿತ್ತು. ಬಿಟ್ಟು ಇಪ್ಪತ್ತು ವರ್ಷ ಆತು. ಆ ವಾಸ್ನಿ ಬಂದ್ರ ಈಗ್ಲೂ ಅವ್ರಿಗೆ ಬಾಟ್ಲಿ ನೆನಪಾಗ್ತದ.” ಸುಕೃತಾ ಬಜ್ಜಿಯಂಗಡಿಗೆ ಫೋನ್ ಮಾಡಿದಳು: “ಅಣ್ಣಾ, ನಾಳೆ ಬಜ್ಜಿ ಬೇಡ. ನಮ್ಮ ಪಾಪುಗೆ ಖಾರ ಆಗಲ್ಲ.”