ಕಟ್ಟಿಗೊಂದು ಪೇಪರ್

ನಮ್ಮತ್ತೆ ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದರು. ಪತ್ರಿಕೆಯೊಳಗೆ ಪುರವಣಿ ಸೇರಿಸುವ ಕೆಲಸ. ಭಾನುವಾರ ಪೇಪರ್ ಬಿಡಿಸಿದ ಕೂಡಲೇ ಮಡಿಲಿಗೆ ಜಾರುತ್ತವಲ್ಲ, ಬಣ್ಣದ ಪುರವಣಿ, ಅಂಗಡಿಗಳ ಜಾಹೀರಾತಿನ ಹಾಳೆ, ಅವನ್ನು ಯಾರೋ ಒಳಗೆ ಸೇರಿಸಿರುತ್ತಾರೆ ಎಂದು ಈ ಮನೆಗೆ ಸೊಸೆಯಾಗಿ ಬರುವವರೆಗೆ ನನಗೆ ಹೊಳೆದೇ ಇರಲಿಲ್ಲ.

ಮೊದಲು ಅದು ಕೈಕೆಲಸವಂತೆ. ಉದ್ದ ಮೇಜಿನ ಸುತ್ತ ಹನ್ನೆರಡು ಹೆಂಗಸರು, ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಆಮೇಲೆ ಮೆಷಿನ್ ಬಂತು, ಮೂವರು ಉಳಿದರು. "ನೀವು ಹೇಗೆ ಉಳಿದಿರಿ?" ಎಂದರೆ, "ಗುಂಡಿ ಒತ್ತೋಕೆ ಹೆದರಲಿಲ್ಲ, ಅಷ್ಟೇ" ಅನ್ನುತ್ತಾರೆ. ಆ ಮೆಷಿನ್ನಿನ ಗದ್ದಲವೇ ಅವರ ಕಿವಿಯನ್ನು ಅರ್ಧ ತಿಂದುಹಾಕಿತು.

ನನ್ನ ಸಂಕಟ ಶುರುವಾದದ್ದು ಆ ಕಿವಿಯಿಂದಲೇ. ನನ್ನ ಹೆರಿಗೆ ರಜೆ ಮುಗಿಯುವುದೂ ಅತ್ತೆ ನಿವೃತ್ತರಾಗುವುದೂ ಒಂದೇ ವಾರ. ಸೋಮವಾರದಿಂದ ಏಳು ತಿಂಗಳ ಪುಟ್ಟಿಯನ್ನು ಅವರ ಕೈಗೆ ಕೊಟ್ಟು ನಾನು ಆಫೀಸಿಗೆ ಹೋಗಬೇಕು. ಕರೆಗಂಟೆ ಮೂರು ಸಲ ಬಾರಿಸಿದರೂ ತಿರುಗಿ ನೋಡದವರಿಗೆ ಒಳಕೋಣೆಯಲ್ಲಿ ಮಗು ಅತ್ತರೆ ಕೇಳಿಸುತ್ತದೆಯೇ? ಉಸಿರು ಕಟ್ಟಿದರೆ? ಹೊದಿಕೆ ಮುಖದ ಮೇಲೆ ಬಂದರೆ?

"ನಮ್ಮಮ್ಮನ ಕಿವಿಗೇನಾಗಿದೆ? ನಾವಿಬ್ಬರು ಪಿಸುಗುಟ್ಟಿದ್ದು ಚೆನ್ನಾಗೇ ಕೇಳಿಸುತ್ತೆ" ಎಂದು ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಮಗು ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡೋಣ ಎಂದೆ. "ಅದನ್ನ ಅಮ್ಮನಿಗೆ ನೀನೇ ಹೇಳು" ಎಂದು ಜಾರಿಕೊಂಡರು.

ಶುಕ್ರವಾರ ಅತ್ತೆ ಊಟದ ಡಬ್ಬಿ ಮರೆತು ಹೋಗಿದ್ದರು. ಪುಟ್ಟಿಯನ್ನು ಗಂಡನಿಗೆ ಒಪ್ಪಿಸಿ ಡಬ್ಬಿ ಹಿಡಿದು ಪ್ರೆಸ್ಸಿಗೆ ಹೋದೆ. ಮನೆಯಲ್ಲಿ ಬಾಯಿಗೆ ಬರದ ಮಾತು ಅಲ್ಲಾದರೂ ಬಂದೀತು ಅಂದುಕೊಂಡಿದ್ದೆ.

ಅಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಸೀಮೆಎಣ್ಣೆಯಂಥ ಶಾಯಿಯ ವಾಸನೆ. ಭಾನುವಾರದ ಪುರವಣಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಅತ್ತೆ ಹಾಳೆಗಳ ಕಟ್ಟು ಎತ್ತಿ, ಅಂಟಿಕೊಂಡಿರದಂತೆ ಬೀಸಣಿಗೆಯ ಹಾಗೆ ಬಿಡಿಸಿ, ಅಂಚು ತಟ್ಟಿ ಮೆಷಿನ್ನಿಗೆ ತುಂಬುತ್ತಿದ್ದರು. ಬಟ್ಟಲಿನಂಥ ರಬ್ಬರ್ ಬಾಯಿಗಳು ಹಾಳೆಗಳನ್ನು ಒಂದೊಂದಾಗಿ ಹೀರಿ ಎಳೆದುಕೊಳ್ಳುತ್ತಿದ್ದವು. ಆ ತುದಿಯಲ್ಲಿ ಐವತ್ತರ ಕಟ್ಟುಗಳು ಬೀಳುತ್ತಿದ್ದವು. ಅತ್ತೆ ಪ್ರತಿ ಕಟ್ಟಿನಿಂದಲೂ ಒಂದು ಪೇಪರ್ ಎಳೆದು, ಬಿಡಿಸಿ, ಒಳಗಿನದನ್ನು ಹೆಬ್ಬೆರಳಲ್ಲಿ ಎಣಿಸಿ ಮತ್ತೆ ಇಡುತ್ತಿದ್ದರು.

"ಹಾಳೆ ತಪ್ಪಿದರೆ ಮೆಷಿನ್ನೇ ಕೆಂಪು ದೀಪ ಹಚ್ಚುತ್ತೆ," ಎಂದು ಮೆಕ್ಯಾನಿಕ್ ನನ್ನ ಕಿವಿಯ ಹತ್ತಿರ ಕಿರುಚಿದ. "ದೊಡ್ಡಮ್ಮನಿಗೆ ಅದರ ಮೇಲೆ ನಂಬಿಕೆಯೇ ಇಲ್ಲ!"

"ನಿನ್ನ ಮೇಲೂ ಇಲ್ಲ!" ಎಂದರು ಅತ್ತೆ ಅಲ್ಲಿಂದಲೇ. ಅವನ ತುಟಿ ನೋಡಿಯೇ ಮಾತು ಹಿಡಿದಿದ್ದರು.

ಊಟದ ಬಿಡುವಿನಲ್ಲಿ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಬಾಯಿಗೆ ಬಂದದ್ದು ಬೇರೆ ಮಾತು. "ದೀಪ ಇದೆಯಲ್ಲ ಅತ್ತೆ, ಮತ್ತೇಕೆ ಅಷ್ಟು ಸಲ ತೆಗೆದು ನೋಡ್ತೀರಿ?"

"ದೀಪ ಹತ್ತೋದು ತಪ್ಪಾದ ಮೇಲಲ್ವಾ? ಅಲ್ಲೀವರೆಗೆ ನಾನು ಕೈಕಟ್ಟಿ ಕೂರಬೇಕಾ?" ಡಬ್ಬಿ ಮುಚ್ಚಿ ನನ್ನ ಮುಖವನ್ನೇ ನೋಡಿದರು. "ನೀನು ಡಬ್ಬಿ ಕೊಡೋಕೆ ಬಂದವಳಲ್ಲ. ನನ್ನ ಕಿವಿ ಹೋಗಿದೆ, ಅದು ನನಗೂ ಗೊತ್ತು. ಭಾನುವಾರ ಅರ್ಧ ದಿನ ಪುಟ್ಟೀನ ನನ್ನ ಹತ್ತಿರ ಬಿಟ್ಟು ನೋಡು. ಸರಿಹೋಗಲಿಲ್ಲ ಅಂದರೆ ಬೇರೆಯವರನ್ನ ಹುಡುಕು. ನಾನೇನೂ ಮುಖ ಊದಿಸಿಕೊಳ್ಳಲ್ಲ."

ಭಾನುವಾರ ಗಂಡನನ್ನು ಹೊರಗೆ ಕಳಿಸಿ, ಅಂಗಡಿಗೆ ಹೋಗುತ್ತೇನೆ ಎಂದು ಹೇಳಿ ನಾನೂ ಹೊರಟೆ. ಹೋದದ್ದು ಒಂದು ಮಹಡಿ ಕೆಳಗೆ. ಮೆಟ್ಟಿಲ ಮೇಲೆ ಬೀಗದಕೈ ಹಿಡಿದು ಕಳ್ಳಿಯ ಹಾಗೆ ಕೂತೆ. ಕೆಳಮನೆಯವರು ಎರಡು ಸಲ ಬಾಗಿಲು ತೆರೆದು ನೋಡಿ ಮುಚ್ಚಿಕೊಂಡರು. ಮುಕ್ಕಾಲು ಗಂಟೆಯಾಗಿರಬೇಕು, ಮೇಲೆ ಪುಟ್ಟಿ ಅತ್ತಳು. ಮೊದಲು ಕುಯ್ಯೆಂದು, ಆಮೇಲೆ ಜೋರಾಗಿ. ಎದ್ದು ಓಡಿದೆ. ಬೀಗಕ್ಕೆ ಕೈ ಹಾಕುವಷ್ಟರಲ್ಲಿ ಅಳು ನಿಂತಿತು. ನಿಂತದ್ದು ಯಾಕೆ ಎಂದು ಇನ್ನಷ್ಟು ಹೆದರಿ ಒಳಗೆ ನುಗ್ಗಿದೆ.

ಅತ್ತೆಯ ಭುಜದ ಮೇಲೆ ಪುಟ್ಟಿ ಬೆರಳು ಚೀಪುತ್ತಿದ್ದಳು. "ಏನಮ್ಮ, ಚೀಲ ಖಾಲಿ? ಅಂಗಡಿ ಮುಚ್ಚಿತ್ತಾ?"

"ಅವಳು ಅತ್ತದ್ದು ನಿಮಗೆ ಕೇಳಿಸಿತಾ ಅತ್ತೆ?"

"ಅತ್ತಳಾ? ಯಾವಾಗ?" ಎಂದರು ನಿಜವಾಗಿಯೂ ಆಶ್ಚರ್ಯದಿಂದ. "ಆಗಾಗ ಹೋಗಿ ನೋಡ್ತಾನೇ ಇದ್ದೆ. ಈ ಸಲ ಹೋದಾಗ ಹೊದಿಕೆ ಒದ್ದು ಬಾಯಿ ತೆರೆದಿದ್ದಳು, ಎತ್ತಿಕೊಂಡೆ."

ಸೋಮವಾರ ಆಫೀಸಿಗೆ ಹೋದೆ. ಹನ್ನೊಂದಕ್ಕೆ ಮನೆಗೆ ಫೋನ್ ಮಾಡಿದೆ, ಅತ್ತೆ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಮೂರನೇ ಸಲ ಮಾಡಲು ಬೆರಳು ಹೋಯಿತು, ಇಲ್ಲ ಅನ್ನುವುದಿಲ್ಲ. ಆದರೆ ಫೋನ್ ಎತ್ತಲು ಕಿವಿ ಬೇಕು, ಪುಟ್ಟಿಯನ್ನು ನೋಡಲು ಬೇಡ. ಫೋನನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಕೂತೆ.