ತಯಮ್ಮುಮ್‌ಗೆ ಬಂದ ಹಂಚು

ಅವ್ವನ ಕೈಕಾಲಿನ ಚರ್ಮವೆಲ್ಲ ಒಡೆದು ಬಿರುಕು ಬಿಟ್ಟಿತ್ತು. ಗೋಕಾಕದ ಡಾಕ್ಟರು ಮುಲಾಮು ಬರೆದುಕೊಟ್ಟು, ಒಂದು ತಿಂಗಳು ನೀರು ತಾಗಿಸಕೂಡದು ಎಂದರು. ಅವ್ವ ತಲೆಯಾಡಿಸಿದಳು. ಮೂಡಲಗಿಯ ಬಸ್ಸು ಹತ್ತಿದ ಮೇಲೆ ಕೇಳಿದಳು, “ಹಂಗಾರ ವಜೂ ಹೆಂಗ ಮಾಡ್ಲಿ?”

ನಮಾಜಿಗೆ ಮೊದಲು ಕೈ, ಮುಖ, ಪಾದ ತೊಳೆದುಕೊಳ್ಳುವುದೇ ವಜೂ. ಹಿತ್ತಲ ಕಲ್ಲಿನ ಮೇಲೆ ಕೂತು ತಂಬಿಗೆ ಬಾಗಿಸಿದಳೆಂದರೆ ಅವ್ವನ ದಿನದ ಸುಸ್ತು, ಸಿಡಿಮಿಡಿ ಎಲ್ಲ ಇಳಿಯುತ್ತಿತ್ತು. ಈಗ ನೀರಿಲ್ಲ, ಆದ್ದರಿಂದ ನಮಾಜೂ ಇಲ್ಲ ಎಂದು ತಾನೇ ತೀರ್ಮಾನಿಸಿ ಗೋಡೆಗೆ ಮುಖ ಮಾಡಿ ಕೂತಳು. ನಾಲ್ಕು ದಿನಕ್ಕೆ ಅರ್ಧ ಇಳಿದುಹೋದಳು. ನನಗೆ ಹೆದರಿಕೆಯಾಯಿತು.

ಮಸೀದಿಯ ಹಜರತ್ತರನ್ನು ಕೇಳಿದೆ. “ನೀರು ತಾಗಿ ಬ್ಯಾನಿ ಹೆಚ್ಚಾಗೂದಿದ್ರ ತಯಮ್ಮುಮ್ ಮಾಡ್ಲಿ. ಸ್ವಚ್ಛ ಮಣ್ಣಿಗೆ ಕೈ ತಟ್ಟಿ, ಝಾಡಿಸಿ, ಮುಖಕ್ಕ, ಕೈಗೆ ಸವರಿಕೊಂಡ್ರ ಮುಗೀತು,” ಎಂದರು. ನಾನು ಖುಷಿಯಿಂದ ತುಕ್ಕಾನಟ್ಟಿಯ ನಮ್ಮ ಹೊಲಕ್ಕೇ ಹೋಗಿ ಬುಟ್ಟಿ ತುಂಬ ಕರಿಮಣ್ಣು ತಂದೆ. ಅವ್ವ ಮೂಸಿ ನೋಡಿದಳು.

“ಹ್ವಾದ ತಿಂಗಳ ಇದಕ್ಕ ಸಗಣಿ ಗೊಬ್ಬರ ಹಾಕಿಸಿದಾಕಿ ನೀನಽ ಅಲ್ಲೇನು?”

ನಾನೇ. ಅಂಗಳದ ಮಣ್ಣಿಗೆ ಕೋಳಿಗಳ ಕಾಟ, ಓಣಿಯ ಮಣ್ಣಿಗೆ ನಾಯಿಗಳದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಆಕಾಶದಿಂದ ಮಣ್ಣು ಇಳಿಸಲೇನು?” ಎಂದು ಬುಟ್ಟಿಯನ್ನು ಬಾಗಿಲಲ್ಲೇ ಕುಕ್ಕಿದೆ.

ಆ ಸದ್ದಿಗೆ ಬಾಜೂ ಮನೆಯ ಅಕ್ಕ ಬಂದರು. ಲಿಂಗಪೂಜೆ ಆಗದೆ ಹನಿ ನೀರೂ ಬಾಯಿಗೆ ಹಾಕದ ಹೆಂಗಸು. ವಿಷಯ ಕೇಳಿ ಮನೆಗೆ ಹೋದರು. ಮಳೆಗಾಲಕ್ಕೆಂದು ತಮ್ಮ ಅಡುಗೆಮನೆಗೆ ಹೊದಿಸಲು ಹುಕ್ಕೇರಿಯಿಂದ ತರಿಸಿದ್ದ ಹಂಚುಗಳಲ್ಲಿ ಒಂದನ್ನು ಸೆರಗಿನಿಂದ ಒರೆಸುತ್ತ ಮರಳಿದರು.

“ಇದರ ಮ್ಯಾಲೆ ಇನ್ನಾ ಕಾಗಿ ಸೈತ ಕುಂತಿಲ್ರಿ. ಇದೂ ಮಣ್ಣಽ ಅಲ್ಲೇನ್ರಿ?”

ಹಜರತ್ತರಿಗೆ ಫೋನು ಹಚ್ಚಿದೆ. ಬಣ್ಣ ಬಳಿದಿಲ್ಲವೆಂದರೆ ನಡೆಯುತ್ತದೆ ಎಂದರು. ಅವ್ವ ಹಂಚಿನ ಮೇಲೆ ಮೆಲ್ಲಗೆ ಅಂಗೈ ತಟ್ಟಿ ಮುಖಕ್ಕೆ ಸವರಿಕೊಂಡಳು, ಮತ್ತೆ ತಟ್ಟಿ ಕೈಗಳಿಗೆ. ಆ ಹೊತ್ತಿನ ನಮಾಜು ಮುಗಿಸಿದವಳೇ ಎರಡು ರೊಟ್ಟಿ ಕೇಳಿ ತಿಂದಳು. ನಾನು ಒಲೆಯ ಮುಂದೆ ಕಣ್ಣು ಒರೆಸಿಕೊಂಡೆ.

ತಿಂಗಳು ಕಳೆಯಿತು. ಚರ್ಮ ಕೂಡಿತು, ಡಾಕ್ಟರು ಹೂಂ ಎಂದರು. ಅವ್ವ ಇಳಿಹೊತ್ತಿನ ಅಸರ್ ನಮಾಜಿಗೆ ಬಹಳ ಮೊದಲೇ ಹಿತ್ತಲ ಕಲ್ಲಿನ ಮೇಲೆ ಕೂತು ತಂಬಿಗೆ ಬಾಗಿಸಿದಳು. ಒಂದೊಂದೇ ಬೆರಳನ್ನು ತೊಳೆದಳು. ಮುಖಕ್ಕೆ ನೀರು ಹಾಕಿ ತಲೆಯೆತ್ತಿದವಳು ತಂಬಿಗೆ ಕೆಳಗಿಟ್ಟಳು. ಅಕ್ಕನ ಅಡುಗೆಮನೆಯ ಹೊಸ ಮಾಡಿನಲ್ಲಿ, ಒಲೆಯ ನೇರಕ್ಕೆ, ಹಂಚಿನಗಲ ನೀಲಿ ತಾಡಪಾಲು ಕಟ್ಟಿತ್ತು.

“ಅಕ್ಕಾ, ಆ ಹಂಚ ನಿಮಗ ಬೇಕಾಗಿತ್ತೇನ್ರಿ?” ಎಂದು ಅವ್ವ ಕೂಗಿ ಕೇಳಿದಳು.

“ಲೆಕ್ಕಕ್ಕ ಸರಿಯಾಗಿ ತಂದಿದ್ವಿರಿ, ಒಂದು ಕಡಿಮಿ ಬಿತ್ತು,” ಎಂದರು ಅಕ್ಕ ಬೇಲಿಯಾಚೆಯಿಂದ. “ಸೋರಿದ್ರ ಒಲಿ ಸರಸಾಕ ಬರ್ತೈತಿ. ನೀವು ಹಂಗಽ ಗ್ವಾಡಿ ನೋಡ್ಕೋತ ಕುಂತಿದ್ರ, ನಾ ಯಾರ ಕೂಡ ಮಾತಾಡ್ಲಿ?”

ಮಳೆಯಲ್ಲಿ ಒಂದು ತಿಂಗಳು. ನಾನು ಒಮ್ಮೆಯೂ ಆ ಕಡೆ ಕತ್ತೆತ್ತಿ ನೋಡಿರಲಿಲ್ಲ. ನಾಚಿಕೆಯಾಯಿತು.

ಅವ್ವ ಒಳಗೆ ಹೋಗಿ, ಹಂಚನ್ನು ಎದೆಗವಚಿಕೊಂಡು ಬಂದಳು. ನಾನು ಏಣಿ ಹತ್ತಿ ತಾಡಪಾಲು ಬಿಚ್ಚಿ ಹಂಚು ಕೂರಿಸಿದೆ. ಕೆಳಗೆ ಅವ್ವ, ವಜೂವಿನ ನೀರು ಇನ್ನೂ ಆರದ ಕೈಗಳಿಂದ, ಏಣಿಯನ್ನು ಬಿಗಿಯಾಗಿ ಹಿಡಿದಿದ್ದಳು.