ರುಜು ಬೀಳದ ಚೀಟಿ

ನಿಘಂಟಿನ ಕೆಲಸ ಮರೆಯ ಕೆಲಸ. ಪುಟ ತಿರುವಿದವರಿಗೆ ಅರ್ಥ ಸಿಗುತ್ತದೆ, ಬರೆದವರ ಮುಖ ಕಾಣುವುದಿಲ್ಲ. ಅಂಥ ಮರೆಯಲ್ಲಿ ಮೂವತ್ತೊಂದು ವರ್ಷ ಕುಳಿತು ನಮ್ಮ ಇಂಗ್ಲಿಷ್–ಕನ್ನಡ ನಿಘಂಟನ್ನು ಕಟ್ಟಿದ ಹಿರಿಯರು, ಕಚೇರಿಯವರೆಲ್ಲರ ಬಾಯಲ್ಲಿ ಚೀಟಿಯಕ್ಕನವರು, ಈಗ ನಿವೃತ್ತರಾಗುತ್ತಿದ್ದಾರೆ.

ಸೇರಿದ ಹೊಸತರಲ್ಲೇ, ಕಣ್ಣು ಮಂಜಾಗುತ್ತಿದ್ದ ಕರಡು ತಿದ್ದುವವರೊಬ್ಬರಿಗೆ ಕಿಟಕಿ ಪಕ್ಕದ ತಮ್ಮ ಮೇಜು ಬಿಟ್ಟುಕೊಟ್ಟು, ಮೆಟ್ಟಿಲ ಕೆಳಗಿನ ಮೂಲೆಗೆ ಹೋದವರು ಅವರು. "ಇಲ್ಲಿ ತಂಪಾಗಿದೆ ಬಿಡಿ" ಎಂದರಂತೆ. ಬಾಣಂತನ ಮುಗಿಸಿ ಬಂದವರ ಪಾಲಿನ ಕೆಲಸವನ್ನೂ ಮೌನವಾಗಿ ಎತ್ತಿಕೊಂಡರು. ಹಾಗಾಗಿ ಅವರು ಯಾವುದಕ್ಕೂ ಇಲ್ಲವೆನ್ನುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಒಂದೊಂದು ಪದಕ್ಕೆ ಒಂದೊಂದು ಚೀಟಿ. ಬರೆದವರ ರುಜು ಇಲ್ಲದ ಚೀಟಿಯನ್ನು ಅಚ್ಚುಕೂಟ ಮುಟ್ಟುತ್ತಿರಲಿಲ್ಲ. ಮೊದಲ ಸಂಪುಟ ಅಚ್ಚಿಗೆ ಹೊರಟ ವರ್ಷ, 'ಅಕಾಮಡೇಟ್' ಎಂಬ ಕ್ರಿಯಾಪದದ ಚೀಟಿಯಲ್ಲಿ ಪ್ರಧಾನ ಸಂಪಾದಕರು ಅಕ್ಕನವರ ಉದಾಹರಣೆ ಹೊಡೆದು ತಮ್ಮದನ್ನು ಸೇರಿಸಿದರು: 'ಮನೆಗೆ ಬಂದ ಸೊಸೆ ಎಲ್ಲರಿಗೂ ಹೊಂದಿಕೊಂಡು ಹೋದಳು.' ಸಂಪಾದಕರ ನಿವೃತ್ತಿ ಹತ್ತಿರವಿತ್ತು. ಮುಂದೆ ಆ ಕುರ್ಚಿ ಯಾರಿಗೆಂಬುದು ಅವರ ಶಿಫಾರಸಿನ ಮೇಲೆ ನಿಂತಿತ್ತು.

'ಹೊಂದಿಕೊಂಡು ಹೋಗು' ಎಂಬ ಮಾತನ್ನೇ ಕೇಳಿ ಕೇಳಿ ಸವೆದು ಗಂಡನ ಮನೆಯಿಂದ ತವರಿಗೆ ಮರಳಿದ್ದ ತಂಗಿಯ ಮುಖ ಅಕ್ಕನವರ ಕಣ್ಣಮುಂದೆ ಬಂತು. ರುಜು ಹಾಕಲಿಲ್ಲ.

"ಇದರ ಲ್ಯಾಟಿನ್ ಬೇರಿನಲ್ಲಿ ಅಳತೆ ಅನ್ನೋ ಮಾತಿದೆ ಸಾರ್. ಅಳತೆಗೆ ಸರಿಹೊಂದಿಸೋದು. ಜಾಗ ಇದ್ದೋರು ಇಲ್ಲದೋರಿಗೆ ಜಾಗ ಮಾಡಿಕೊಡೋದು. ಬಂದವಳನ್ನೇ ಕತ್ತರಿಸಿ ಕೂರಿಸೋದಲ್ಲ."

"ಹೊಂದಿಕೊಳ್ಳೋದೂ ಅದರ ಅರ್ಥವೇ ಅಲ್ವೇನಮ್ಮಾ?"

"ಹೌದು, ಆ ಅರ್ಥ ಬರೆದಿದೀನಿ. ಹೊಂದಿಕೊಳ್ಳೋಳು ಸೊಸೆಯೇ ಯಾಕಾಗಬೇಕು? ಮಾವನೇ ಹೊಂದಿಕೊಂಡ ಅಂತ ಹಾಕೋಣ."

"ಒಂದು ಸಾಲಿಗೆ ಇಷ್ಟು ಹಟವೇ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಮಾಡ್ಕೊಂಡೇ ಬಂದಿದೀನಿ ಸಾರ್. ಈ ಸಾಲಿಗೆ ಮಾತ್ರ ಆಗಲ್ಲ."

ಹನ್ನೊಂದು ದಿನ ಅಚ್ಚು ನಿಂತಿತು. ಅಕ್ಕನವರು ದಿನವೂ ಸಮಯಕ್ಕೆ ಬಂದು, ದೇವರಿಗೆ ಕೈಮುಗಿದು, ಮುಂದಿನ ಚೀಟಿಗಳನ್ನು ಬರೆಯುತ್ತ ಕುಳಿತರು. ಹನ್ನೆರಡನೆಯ ದಿನ ಸಂಪಾದಕರು ತಮ್ಮ ಸಾಲನ್ನು ತಾವೇ ಹೊಡೆದುಹಾಕಿದರು; 'ಹೊಸಬಳಿಗಾಗಿ ಮನೆಯವರು ತಮ್ಮ ರೂಢಿಗಳನ್ನು ಬದಲಿಸಿಕೊಂಡರು' ಎಂಬ ಅಕ್ಕನವರ ಮೊದಲಿನ ವಾಕ್ಯವೇ ಅಚ್ಚಾಯಿತು. ಕುರ್ಚಿ ಮಾತ್ರ ಅಕ್ಕನವರಿಗಿಂತ ಒಂಬತ್ತು ವರ್ಷ ಕಿರಿಯರಿಗೆ ಹೋಯಿತು. ಆ ಕಿರಿಯರಿಗೂ ಕೆಲಸ ಕಲಿಸಿದವರು ಅಕ್ಕನವರೇ.

ಮೊನ್ನೆ ಬೀಳ್ಕೊಡುಗೆಯ ಸಿದ್ಧತೆಯ ನಡುವೆ ಕಚೇರಿಯ ಬೆರಳಚ್ಚುಗಾರ್ತಿ ಕೇಳಿಯೇಬಿಟ್ಟರು: "ಅಕ್ಕಾ, ಕುರ್ಚಿ ಕೈತಪ್ಪಿತಲ್ಲ ಅಂತ ಬೇಜಾರಾಗಲ್ವಾ?"

"ಆಗಿತ್ತು ಕಣೇ, ಚೆನ್ನಾಗೇ ಆಗಿತ್ತು. ಆದ್ರೆ ಕುರ್ಚಿ ಮೇಲೆ ಯಾರಾದ್ರೂ ಕೂರ್ತಾರೆ. ಆ ವಾಕ್ಯಾನ ನಾನು ಬಿಟ್ಟಿದ್ರೆ ಇನ್ಯಾರು ಹಿಡ್ಕೊಳ್ತಿದ್ರು?"

ಭಗವಂತ ಅವರಿಗೆ ನೂರು ವರ್ಷ ಕೊಡಲಿ, ಕೈಗೆ ಬಲ ಕೊಡಲಿ, ಬರೆಯಲು ಇನ್ನೂ ಸಾವಿರ ಪದ ಕೊಡಲಿ. ಅವರ ಹಟವನ್ನು ಮಾತ್ರ ಒಂದು ಎಳೆಯಷ್ಟೂ ಸಡಿಲಿಸದಿರಲಿ.